ಪಕ್ಷ ಹಿಡಿದವರೂ ದಾಟಬಾರದ ಗೆರೆ: ಇಸ್ರೇಲ್, ಗಾಜಾ ಮತ್ತು ನಾಗರಿಕರ ಸಾವು

2023ರ ಡಿಸೆಂಬರ್ 15. ಗಾಜಾ ನಗರದ ಶುಜಾಯಿಯಾ ಬಡಾವಣೆಯಲ್ಲಿ ಮೂವರು ಯುವಕರು ಕಟ್ಟಡವೊಂದರಿಂದ ಹೊರಬಂದರು. ಮೈಮೇಲೆ ಅಂಗಿ ಇರಲಿಲ್ಲ. ಒಬ್ಬನ ಕೈಯಲ್ಲಿದ್ದ ಕೋಲಿನ ತುದಿಗೆ ಬಿಳಿ ಬಟ್ಟೆ ಕಟ್ಟಿತ್ತು. ಇಸ್ರೇಲಿ ಸೈನಿಕನೊಬ್ಬ ಗುಂಡು ಹಾರಿಸಿದ. ಇಬ್ಬರು ಅಲ್ಲೇ ಬಿದ್ದರು. ಗಾಯಗೊಂಡ ಮೂರನೆಯವನು ಕಟ್ಟಡದೊಳಕ್ಕೆ ಓಡಿ, ಕಾಪಾಡಿ ಎಂದು ಹೀಬ್ರೂ ಭಾಷೆಯಲ್ಲಿ ಕೂಗಿದ. ಗುಂಡು ನಿಲ್ಲಿಸಿ ಎಂದು ಅಧಿಕಾರಿ ಆದೇಶ ಕೊಟ್ಟ ಮೇಲೂ ಹಾರಿದ ಗುಂಡಿಗೆ ಅವನೂ ಬಲಿಯಾದ. ಮೂವರೂ ಇಸ್ರೇಲಿನ ಪ್ರಜೆಗಳು. ಅಕ್ಟೋಬರ್ 7ರಂದು ಪ್ಯಾಲೆಸ್ಟೀನಿ ಸಶಸ್ತ್ರ ಗುಂಪು ಹಮಾಸ್ ಹೊತ್ತೊಯ್ದಿದ್ದ ಒತ್ತೆಯಾಳುಗಳು. ಅವರಲ್ಲೊಬ್ಬ ಅರಬ್ ಬೆಡೂಯಿನ್ ಮನೆತನದವನು.

ಗುಂಡು ಹಾರಿಸಿದ್ದು ನಿಯಮಕ್ಕೆ ವಿರುದ್ಧವಾಗಿತ್ತು ಎಂದು ಇಸ್ರೇಲಿ ಸೇನೆ ಒಪ್ಪಿಕೊಂಡಿತು. ಸತ್ತವರು ಯಾರೆಂದು ಗೊತ್ತಾಗಿದ್ದರಿಂದ ಆ ಒಪ್ಪಿಗೆಯಾದರೂ ಬಂತು. ಅದೇ ಬೀದಿಗೆ ಅದೇ ರೀತಿ ಬಿಳಿ ಬಟ್ಟೆ ಹಿಡಿದು ಮೂವರು ಪ್ಯಾಲೆಸ್ಟೀನಿಯರು ಬಂದಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಯನ್ನು ಆಗ ಇಸ್ರೇಲಿನೊಳಗೇ ಹಲವರು ಕೇಳಿದರು.

ಅದಕ್ಕೂ ಹತ್ತು ವಾರಗಳ ಹಿಂದೆ, ಅಕ್ಟೋಬರ್ 7ರ ಬೆಳಗ್ಗೆ, ಗಡಿ ಬೇಲಿ ಒಡೆದು ನುಗ್ಗಿದ ಹಮಾಸ್ ಮತ್ತು ಅದರ ಜೊತೆಗಾರರು ದಕ್ಷಿಣ ಇಸ್ರೇಲಿನಲ್ಲಿ ಸುಮಾರು 1,200 ಜನರನ್ನು ಕೊಂದರು. 251 ಜನರನ್ನು ಸೆರೆಹಿಡಿದು ಗಾಜಾಕ್ಕೆ ಒಯ್ದರು. ಸತ್ತವರಲ್ಲಿ ಹೆಚ್ಚಿನವರು ನಾಗರಿಕರು. ಬೇರಿ, ಕಫರ್ ಅಜಾ, ನಿರ್ ಓಜ್ ಎಂಬ ಊರುಗಳಲ್ಲಿ ಮನೆಮನೆಗೆ ನುಗ್ಗಿ ಕೊಂದರು. ರೇಯಿಮ್ ಬಳಿ ಸಂಗೀತೋತ್ಸವಕ್ಕೆ ಸೇರಿದ್ದ 360ಕ್ಕೂ ಹೆಚ್ಚು ಮಂದಿಯನ್ನು ಕೊಂದರು. ಅಲುಮಿಮ್ ಎಂಬ ಕಿಬುಟ್ಜ್‌ನಲ್ಲಿ (ಸಾಮೂಹಿಕ ಕೃಷಿ ಗ್ರಾಮದಲ್ಲಿ) ಕೃಷಿ ಕಲಿಯಲು ಬಂದಿದ್ದ ನೇಪಾಳದ 10 ವಿದ್ಯಾರ್ಥಿಗಳು ಸತ್ತರು. ತೋಟಗಳಲ್ಲಿ ದುಡಿಯುತ್ತಿದ್ದ ಥಾಯ್ಲೆಂಡಿನ 30ಕ್ಕೂ ಹೆಚ್ಚು ಕೂಲಿಕಾರರು ಸತ್ತರು. ನೆಗೆವ್ ಮರುಭೂಮಿಯ ಬೆಡೂಯಿನ್ ಮುಸ್ಲಿಮರೂ ಸತ್ತರು. ನೇಪಾಳದಿಂದ ಬಂದ ಹುಡುಗನಿಗೂ ಪ್ಯಾಲೆಸ್ಟೀನಿನ ನೆಲದ ಪ್ರಶ್ನೆಗೂ ಏನು ಸಂಬಂಧ?

ಪಕ್ಷ ಎಂಬುದು ಗುಂಡು ಹಾರುವ ಜಾಗದಲ್ಲಿ ಹೀಗೆ ಕುಸಿದುಬೀಳುತ್ತದೆ. ಆದರೆ ಆ ಜಾಗದಿಂದ ದೂರ ಹೋದಷ್ಟೂ ಅದು ಗಟ್ಟಿಯಾಗುತ್ತದೆ. ಬೆಂಗಳೂರಿನಲ್ಲಿ, ಲಂಡನ್ನಿನಲ್ಲಿ, ನ್ಯೂಯಾರ್ಕಿನಲ್ಲಿ ಕುಳಿತವರಿಗೆ ಸತ್ತವರು ಯಾವ ಕಡೆಯವರು ಎಂಬುದು ಮೊದಲು ಕಾಣುತ್ತದೆ, ಸತ್ತರು ಎಂಬುದು ಆಮೇಲೆ.

ಪಕ್ಷ ವಹಿಸುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂಥ ತಟಸ್ಥ ನಿಲುವು ಈ ವಿಷಯದಲ್ಲಿ ಪ್ರಾಮಾಣಿಕವಾದುದಲ್ಲ. 1967ರಿಂದ ಇಸ್ರೇಲಿ ಸೇನೆಯ ಹಿಡಿತದಲ್ಲಿರುವ ಪ್ಯಾಲೆಸ್ಟೀನಿಯರಿಗೆ ತಮ್ಮದೇ ರಾಷ್ಟ್ರ ಬೇಕು ಎಂದರೆ ಅದು ನ್ಯಾಯವಾದ ಮಾತು. ಶತಮಾನಗಳ ಹತ್ಯೆ, ಉಚ್ಚಾಟನೆ, ಕೊನೆಗೆ ಹಿಟ್ಲರನ ಶಿಬಿರಗಳನ್ನು ಕಂಡ ಯಹೂದಿಗಳಿಗೆ ಭಯವಿಲ್ಲದೆ ಬದುಕುವ ನಾಡು ಬೇಕು ಎಂದರೆ ಅದೂ ನ್ಯಾಯವೇ. ಗಡಿ ಎಲ್ಲಿ, ಜೆರುಸಲೇಮ್ ಯಾರದು, ನಿರಾಶ್ರಿತರು ಮರಳಬೇಕೇ, ಹಿಡಿತದ ನೆಲದಲ್ಲಿ ಯಹೂದಿಗಳಿಗಾಗಿ ಕಟ್ಟಿದ ವಸಾಹತುಗಳು ಹೋಗಬೇಕೇ: ಈ ಪ್ರಶ್ನೆಗಳಲ್ಲಿ ನಿಲುವು ತೆಗೆದುಕೊಳ್ಳಬೇಕು, ವಾದಿಸಬೇಕು. ನಾಗರಿಕರನ್ನು ಕೊಲ್ಲಬಹುದೇ ಎಂಬುದು ಮಾತ್ರ ಈ ಸಾಲಿಗೆ ಸೇರಿದ ಪ್ರಶ್ನೆಯಲ್ಲ. ಅದರ ಉತ್ತರ ನೀವು ಯಾರ ಕಡೆ ಎಂಬುದನ್ನು ಅವಲಂಬಿಸಿಲ್ಲ. ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದ ಕೂಡಲೇ ತೊಂದರೆ ಶುರು.

ಕಾರಣ ಬೇರೆ, ಕೃತ್ಯ ಬೇರೆ

ಯುದ್ಧದ ಕಾನೂನು ನಿಂತಿರುವುದೇ ಈ ಬೇರ್ಪಡಿಕೆಯ ಮೇಲೆ. ಯುದ್ಧಕ್ಕೆ ಇಳಿದ ಕಾರಣ ಸರಿಯೋ ತಪ್ಪೋ ಎಂಬುದು ಒಂದು ವಿಚಾರಣೆ. ಯುದ್ಧದಲ್ಲಿ ಹೇಗೆ ನಡೆದುಕೊಂಡಿರಿ ಎಂಬುದು ಇನ್ನೊಂದು. ಕಾರಣ ಎಷ್ಟೇ ನ್ಯಾಯವಾಗಿದ್ದರೂ ಎರಡನೆಯದರಲ್ಲಿ ರಿಯಾಯಿತಿ ಇಲ್ಲ. 1949ರ ಜಿನೀವಾ ಒಪ್ಪಂದಗಳು ಮತ್ತು 1977ರ ಹೆಚ್ಚುವರಿ ಒಡಂಬಡಿಕೆ ಇದನ್ನು ಬರಹಕ್ಕೆ ಇಳಿಸಿದವು. ಹೋರಾಡುವವರನ್ನೂ ಹೋರಾಡದವರನ್ನೂ ಬೇರೆಯಾಗಿ ನೋಡಬೇಕು. ಎದುರಾಳಿ ನಿಯಮ ಮುರಿದ ಎಂಬುದು ನೀವು ಮುರಿಯಲು ಪರವಾನಗಿಯಲ್ಲ. ಇಸ್ರೇಲ್ 1977ರ ಒಡಂಬಡಿಕೆಗೆ ಸೇರಿಲ್ಲ, ಭಾರತವೂ ಸೇರಿಲ್ಲ. ಆದರೆ ಈ ಮೂಲ ನಿಯಮಗಳು ರೂಢಿಗತ ಕಾನೂನಾಗಿ ಎಲ್ಲ ದೇಶಗಳಿಗೂ, ಹಮಾಸ್‌ನಂಥ ಸಶಸ್ತ್ರ ಗುಂಪುಗಳಿಗೂ ಅನ್ವಯಿಸುತ್ತವೆ.

ಇದು ಪಶ್ಚಿಮದವರು ಹೊರಗಿನಿಂದ ಹೇರಿದ ನೀತಿಪಾಠವೂ ಅಲ್ಲ. 1956ರ ಅಕ್ಟೋಬರ್ 29ರಂದು, ಸೂಯೆಜ್ ಯುದ್ಧ ಶುರುವಾದ ದಿನ, ಇಸ್ರೇಲಿನೊಳಗಿನ ಕಫರ್ ಕಾಸಿಮ್ ಎಂಬ ಅರಬ್ ಹಳ್ಳಿಯಲ್ಲಿ ಕರ್ಫ್ಯೂವನ್ನು ಹಠಾತ್ತನೆ ಗೊತ್ತಾದ ವೇಳೆಗಿಂತ ಮೊದಲೇ ಜಾರಿಗೆ ತಂದರು. ಸುದ್ದಿ ತಿಳಿಯದೆ ಹೊಲಗಳಿಂದ ಮನೆಗೆ ಮರಳುತ್ತಿದ್ದ ಸುಮಾರು 50 ಜನರನ್ನು ಗಡಿ ಪೊಲೀಸರು ಸಾಲಾಗಿ ಗುಂಡಿಟ್ಟು ಕೊಂದರು. ಆದೇಶ ಪಾಲಿಸಿದೆವು ಎಂಬುದು ಅವರ ಸಮರ್ಥನೆಯಾಗಿತ್ತು. ನ್ಯಾಯಾಧೀಶ ಬೆಂಜಮಿನ್ ಹಲೇವಿ ಅದನ್ನು ಒಪ್ಪಲಿಲ್ಲ. ಕೆಲವು ಆದೇಶಗಳು ಎಷ್ಟು ಸ್ಪಷ್ಟವಾಗಿ ಕಾನೂನುಬಾಹಿರ ಎಂದರೆ ಅವುಗಳ ಮೇಲೆ ಕಪ್ಪು ಬಾವುಟ ಹಾರಾಡುತ್ತಿರುತ್ತದೆ, ಅಂಥ ಆದೇಶವನ್ನು ಸೈನಿಕ ಪಾಲಿಸಕೂಡದು ಎಂದು ತೀರ್ಪಿತ್ತರು. ಶಿಕ್ಷೆಯಾದವರು ಕೆಲವೇ ವರ್ಷಗಳಲ್ಲಿ ಬಿಡುಗಡೆಯಾದರು, ಅದು ಬೇರೆ ನೋವು. ಆದರೂ ಆ ತತ್ವ ಇಸ್ರೇಲಿನ ಕಾನೂನಿನಲ್ಲಿ ಉಳಿಯಿತು. ಇಂದು ಗಾಜಾದ ಬಗ್ಗೆ ಕೇಳಲಾಗುತ್ತಿರುವ ಪ್ರಶ್ನೆಗಳು ಇಸ್ರೇಲ್ ತನ್ನನ್ನು ತಾನೇ ಕೇಳಿಕೊಂಡಿದ್ದ ಪ್ರಶ್ನೆಗಳೇ.

“ಅವರು ನಾಗರಿಕರೇ ಅಲ್ಲ”

ನಾಗರಿಕರನ್ನು ಕೊಲ್ಲುವುದು ಸರಿ ಎಂದು ಯಾರೂ ಬಹಿರಂಗವಾಗಿ ಹೇಳುವುದಿಲ್ಲ. ಬದಲಿಗೆ, ಸತ್ತವರು ನಾಗರಿಕರೇ ಅಲ್ಲ ಎನ್ನುತ್ತಾರೆ. ಈ ಒಂದು ವಾದದಲ್ಲಿ ಎರಡೂ ಕಡೆಯವರು ಆಡುವ ಮಾತು ಕನ್ನಡಿಯಲ್ಲಿ ಕಂಡಷ್ಟು ಹೋಲುತ್ತದೆ.

2023ರ ಅಕ್ಟೋಬರ್ 12ರಂದು ಇಸ್ರೇಲಿನ ಅಧ್ಯಕ್ಷ ಐಸಾಕ್ ಹೆರ್ಜಾಗ್ ಪತ್ರಕರ್ತರ ಮುಂದೆ, ಅಲ್ಲಿರುವ ಇಡೀ ರಾಷ್ಟ್ರವೇ ಹೊಣೆ, ಜನಸಾಮಾನ್ಯರಿಗೆ ಏನೂ ಗೊತ್ತಿರಲಿಲ್ಲ ಎಂಬ ಮಾತು ನಿಜವಲ್ಲ ಎಂಬ ಅರ್ಥದಲ್ಲಿ ಮಾತಾಡಿದರು. ಗಾಜಾದಲ್ಲಿ ಅಮಾಯಕರೂ ಇದ್ದಾರೆ ಎಂದು ಅದೇ ಗೋಷ್ಠಿಯಲ್ಲಿ ಒಪ್ಪಿಕೊಂಡರು, ನಿಜ. ಆದರೆ ಜನರ ಕಿವಿಯಲ್ಲಿ ಉಳಿದದ್ದು ಮೊದಲ ಮಾತು. ಇತ್ತ ಹಮಾಸ್ 2024ರ ಜನವರಿಯಲ್ಲಿ ತನ್ನ ಸಮರ್ಥನೆಯ ದಾಖಲೆ ಹೊರತಂದಿತು. ನಾಗರಿಕರಿಗೆ ಹಾನಿ ಮಾಡುವುದು ತನ್ನ ಉದ್ದೇಶವಲ್ಲ, ಆಗಿದ್ದರೆ ಆಕಸ್ಮಿಕ ಎಂದು ಒಂದು ಕಡೆ ಹೇಳಿತು. ಇನ್ನೊಂದು ಕಡೆ, ಇಸ್ರೇಲಿನಲ್ಲಿ 18 ದಾಟಿದ ಎಲ್ಲರಿಗೂ ಕಡ್ಡಾಯ ಸೈನಿಕ ಸೇವೆ ಇದೆ, ಅದು ಶಸ್ತ್ರಧಾರಿ ಜನತೆ ಎಂದಿತು. ಒಬ್ಬರು ಇಡೀ ಗಾಜಾವನ್ನು ಹಮಾಸ್ ಮಾಡುತ್ತಾರೆ, ಇನ್ನೊಬ್ಬರು ಇಡೀ ಇಸ್ರೇಲನ್ನು ಸೇನೆ ಮಾಡುತ್ತಾರೆ.

ವಾಸ್ತವ ಏನು? ಗಾಜಾ 365 ಚದರ ಕಿಲೋಮೀಟರಿನ ಪಟ್ಟಿ. ಯುದ್ಧಕ್ಕೆ ಮುನ್ನ ಅಲ್ಲಿ 20 ಲಕ್ಷಕ್ಕೂ ಹೆಚ್ಚು ಜನರಿದ್ದರು. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ 18 ತುಂಬದವರು. ಪ್ಯಾಲೆಸ್ಟೀನಿಯರು ಸಂಸತ್ತಿಗೆ ಕೊನೆಯ ಬಾರಿ ಮತ ಹಾಕಿದ್ದು 2006ರ ಜನವರಿಯಲ್ಲಿ. ಆಗ ಹಮಾಸ್‌ಗೆ ಬಂದದ್ದು ಶೇ 44ರಷ್ಟು ಮತ. ಅಂದರೆ, ಹಮಾಸ್‌ಗೆ ಮತ ಕೊಟ್ಟವರು ಅನುಭವಿಸಲಿ ಎನ್ನುವ ವಾದ 2023ರಲ್ಲಿ 35 ದಾಟಿದ್ದವರಿಗೆ ಮಾತ್ರ, ಅವರಲ್ಲೂ ಎಲ್ಲರಿಗಲ್ಲ, ಅನ್ವಯವಾಗಬಹುದಿತ್ತು. ಅವರಿಗೂ ಅನ್ವಯವಾಗುವುದಿಲ್ಲ, ಏಕೆಂದರೆ ಮತ ಹಾಕುವುದು ಆಯುಧ ಹಿಡಿಯುವುದಲ್ಲ. 2025ರ ಮಾರ್ಚ್‌ನಲ್ಲಿ ಉತ್ತರದ ಬೈತ್ ಲಾಹಿಯಾದಲ್ಲಿ ನೂರಾರು ಜನ ಬೀದಿಗಿಳಿದು ಹಮಾಸ್ ತೊಲಗಲಿ ಎಂದು ಕೂಗಿದರು. ಬಾಂಬು ಬೀಳುತ್ತಿದ್ದ ಊರಿನಲ್ಲಿ, ಹಮಾಸ್ ಬಂದೂಕುಧಾರಿಗಳ ಕಣ್ಣೆದುರಿನಲ್ಲಿ. ಇಡೀ ರಾಷ್ಟ್ರವೇ ಹೊಣೆ ಎಂಬ ಮಾತಿನಲ್ಲಿ ಇವರಿಗೆ ಜಾಗ ಎಲ್ಲಿದೆ?

ಅದೇ ರೀತಿ, ಒಂದು ಕಾಲದಲ್ಲಿ ಸೇನೆಯಲ್ಲಿದ್ದು ಈಗ ಮನೆಯಲ್ಲಿರುವ ಇಸ್ರೇಲಿಗ ಕಾನೂನಿನ ದೃಷ್ಟಿಯಲ್ಲಿ ನಾಗರಿಕನೇ. ಬೇರಿಯಲ್ಲಿ ಕೊಲೆಯಾದ ವಿವಿಯನ್ ಸಿಲ್ವರ್ ಅವರ ಬದುಕನ್ನು ನೆನೆದರೆ ಸಾಕು. ಕೆನಡಾದ ವಿನಿಪೆಗ್‌ನಲ್ಲಿ ಹುಟ್ಟಿ, ಗಾಜಾ ಗಡಿಯ ಪಕ್ಕದ ಆ ಊರಿನಲ್ಲಿ ನೆಲೆಸಿದ ಆಕೆ, ಯಹೂದಿ ಮತ್ತು ಅರಬ್ ಹೆಂಗಸರನ್ನು ಒಟ್ಟುಗೂಡಿಸುವ ಶಾಂತಿ ಚಳವಳಿಯ ಸ್ಥಾಪಕರಲ್ಲಿ ಒಬ್ಬರು. ಗಾಜಾದ ರೋಗಿಗಳನ್ನು ಇಸ್ರೇಲಿನ ಆಸ್ಪತ್ರೆಗಳಿಗೆ ಕರೆದೊಯ್ಯುವ ಸ್ವಯಂಸೇವಕಿ. ಆಕೆ ಒತ್ತೆಯಾಳಾಗಿರಬಹುದು ಎಂದು ಮನೆಯವರು ಐದು ವಾರ ಕಾದರು. ಕೊನೆಗೆ ಸುಟ್ಟ ಅವಶೇಷಗಳಿಂದ ಗುರುತು ಸಿಕ್ಕಿತು. ಮಗ ಯೊನಾಟನ್ ಝೈಗೆನ್ ಸೇಡು ಕೇಳಲಿಲ್ಲ. ತಾಯಿ ಬಿಟ್ಟುಹೋದ ಶಾಂತಿಯ ಕೆಲಸವನ್ನು ಕೈಗೆತ್ತಿಕೊಂಡ.

ಗುರಾಣಿ ಮತ್ತು ತಕ್ಕಡಿ

ಹಮಾಸ್ ಜನರ ನಡುವೆ ಅಡಗಿ ಹೋರಾಡುತ್ತದೆ, ಮನೆಗಳ ಕೆಳಗೆ ಸುರಂಗ ಕೊರೆಯುತ್ತದೆ ಎಂಬುದು ಇಸ್ರೇಲ್ ಮುಂದಿಡುವ ಅತಿ ಗಟ್ಟಿಯಾದ ವಾದ. ಇದರಲ್ಲಿ ಸತ್ಯವಿದೆ. 2014ರ ಯುದ್ಧದಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯೇ ತನ್ನ ಖಾಲಿ ಶಾಲೆಯೊಂದರಲ್ಲಿ ರಾಕೆಟ್‌ಗಳು ಸಿಕ್ಕವೆಂದು ಪ್ರಕಟಿಸಿ ಖಂಡಿಸಿತ್ತು. ನಾಗರಿಕರನ್ನು ಗುರಾಣಿ ಮಾಡಿಕೊಳ್ಳುವುದು ಯುದ್ಧಾಪರಾಧ. ಆ ಪಾಪ ಹಮಾಸ್‌ನದು.

ಆದರೆ ಕಾನೂನು ಅಲ್ಲಿಗೇ ನಿಲ್ಲುವುದಿಲ್ಲ. ಗುರಾಣಿಯಾಗಿ ಬಳಕೆಯಾದವನು ನಾಗರಿಕನಾಗಿಯೇ ಉಳಿಯುತ್ತಾನೆ. ಬಾಂಬು ಹಾಕುವವನು ಪ್ರತಿ ದಾಳಿಗೂ ಮುನ್ನ ತೂಗಿ ನೋಡಬೇಕು: ಇದರಿಂದ ಸಿಗುವ ಸೈನಿಕ ಲಾಭ ಎಷ್ಟು, ಸಾಯಬಹುದಾದ ನಾಗರಿಕರು ಎಷ್ಟು? ಎರಡನೆಯದು ಮಿತಿಮೀರಿದರೆ ದಾಳಿ ಬಿಡಬೇಕು. ಅನುಪಾತ ಎಂಬ ಮಾತಿನ ಅರ್ಥ ಇದು. ನಮ್ಮವರು ಇಷ್ಟು, ನಿಮ್ಮವರು ಇಷ್ಟು ಎಂದು ಹೆಣ ಸರಿದೂಗಿಸುವುದಲ್ಲ.

ತಕ್ಕಡಿಯಲ್ಲಿ ಇಸ್ರೇಲ್ ಯಾವ ತೂಕ ಇಟ್ಟಿತು ಎಂಬುದು 2024ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ನಡೆಸಿದ ತನಿಖೆಯಿಂದ ಹೊರಬಂತು. ಅಕ್ಟೋಬರ್ 7ರ ಮಧ್ಯಾಹ್ನವೇ ಹೊರಟ ಆದೇಶವೊಂದು, ಕೆಳದರ್ಜೆಯ ಹಮಾಸ್ ಹೋರಾಟಗಾರರ ಮೇಲಿನ ದಾಳಿಯಲ್ಲೂ ಒಂದೊಂದಕ್ಕೆ 20 ನಾಗರಿಕರವರೆಗೆ ಸಾವಿನ ಅಪಾಯ ಒಡ್ಡಲು ಮಧ್ಯಮ ಹಂತದ ಅಧಿಕಾರಿಗಳಿಗೆ ಅನುಮತಿ ಕೊಟ್ಟಿತ್ತು ಎಂದು ಆ ವರದಿ ಹೇಳಿತು. ತನ್ನ ಕಾರ್ಯಾಚರಣೆ ಕಾನೂನಿನ ಚೌಕಟ್ಟಿನಲ್ಲೇ ಇದೆ, ಜನರಿಗೆ ಮುನ್ನೆಚ್ಚರಿಕೆ ಕೊಟ್ಟು ಸ್ಥಳ ತೆರವು ಮಾಡಿಸಿದ್ದೇವೆ ಎಂಬುದು ಇಸ್ರೇಲಿನ ಉತ್ತರ. ಉತ್ತರ ಗಾಜಾದ 11 ಲಕ್ಷ ಜನರಿಗೆ 24 ಗಂಟೆಯೊಳಗೆ ದಕ್ಷಿಣಕ್ಕೆ ಹೊರಡಿ ಎಂದು ಅಕ್ಟೋಬರ್ 13ರಂದು ಹೇಳಿದ್ದೂ ಅಂಥ ಎಚ್ಚರಿಕೆಯೇ. ಹಾಸಿಗೆ ಹಿಡಿದವರು, ಹೆರಿಗೆಗೆ ದಿನ ತುಂಬಿದವರು, ಹೋಗಲು ಜಾಗವೇ ಇಲ್ಲದವರು ಏನು ಮಾಡಬೇಕಿತ್ತು? ಎಚ್ಚರಿಕೆ ಕೇಳಿಯೂ ಅಲ್ಲೇ ಉಳಿದವನು ನಾಗರಿಕನಾಗಿಯೇ ಇರುತ್ತಾನೆ. ದಕ್ಷಿಣಕ್ಕೆ ಹೋದವರ ಮೇಲೂ ಬಾಂಬು ಬಿದ್ದದ್ದು ಎಲ್ಲರಿಗೂ ಗೊತ್ತು.

ಇಷ್ಟಾದರೂ ಬಾಂಬಿನ ವಿಷಯದಲ್ಲಿ ವಾದ ಮಾಡಬಹುದು. ಕಟ್ಟಡದೊಳಗೆ ಯಾರಿದ್ದರು, ಸುರಂಗ ಇತ್ತೇ, ಅಧಿಕಾರಿಗೆ ಆ ಕ್ಷಣದಲ್ಲಿ ಏನು ಗೊತ್ತಿತ್ತು ಎಂದು ಪ್ರತಿ ದಾಳಿಯನ್ನೂ ಬಿಡಿಸಿ ನೋಡಬೇಕಾಗುತ್ತದೆ. ಹಸಿವಿನ ವಿಷಯದಲ್ಲಿ ಆ ಅವಕಾಶವಿಲ್ಲ. ನನ್ನ ಮಟ್ಟಿಗೆ ಈ ಯುದ್ಧದ ನೈತಿಕ ತೀರ್ಮಾನ ಆಗುವುದು ಇಲ್ಲೇ.

2023ರ ಅಕ್ಟೋಬರ್ 9ರಂದು ಆಗಿನ ರಕ್ಷಣಾ ಸಚಿವ ಯೋವ್ ಗಲಾಂಟ್ ಗಾಜಾಕ್ಕೆ ಪೂರ್ಣ ಮುತ್ತಿಗೆ ಘೋಷಿಸಿದರು: ವಿದ್ಯುತ್ ಇಲ್ಲ, ಆಹಾರ ಇಲ್ಲ, ಇಂಧನ ಇಲ್ಲ. ಅಂತರರಾಷ್ಟ್ರೀಯ ಒತ್ತಡದಿಂದ ಬಾಗಿಲು ಅಷ್ಟಿಷ್ಟು ತೆರೆಯಿತು, ಮತ್ತೆ ಮುಚ್ಚಿತು. 2025ರ ಮಾರ್ಚ್ 2ರಿಂದ ಸುಮಾರು 11 ವಾರ ಒಂದು ಮೂಟೆ ಹಿಟ್ಟನ್ನೂ ಒಳಗೆ ಬಿಡಲಿಲ್ಲ. ಮೇ ಕೊನೆಯಲ್ಲಿ ಅಮೆರಿಕದ ಬೆಂಬಲದ ಹೊಸ ಸಂಸ್ಥೆಯೊಂದು ಬೆರಳೆಣಿಕೆಯ ಕೇಂದ್ರಗಳಲ್ಲಿ ಆಹಾರ ಹಂಚತೊಡಗಿತು. ಆ ಕೇಂದ್ರಗಳ ಸುತ್ತಮುತ್ತ ಮತ್ತು ಆಹಾರದ ಲಾರಿಗಳ ದಾರಿಯಲ್ಲಿ, ಮೂಟೆಗಾಗಿ ಹೋದ ಸಾವಿರಕ್ಕೂ ಹೆಚ್ಚು ಜನ ಎರಡೇ ತಿಂಗಳಲ್ಲಿ ಸತ್ತರು ಎಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ ಹೇಳಿತು. ಆಗಸ್ಟ್ 22ರಂದು, ಆಹಾರ ಭದ್ರತೆಯನ್ನು ಅಳೆಯುವ ಜಾಗತಿಕ ವ್ಯವಸ್ಥೆಯಾದ ಐಪಿಸಿ, ಗಾಜಾ ನಗರ ಮತ್ತು ಸುತ್ತಲಿನ ಪ್ರದೇಶದಲ್ಲಿ ಬರಗಾಲವಿದೆ ಎಂದು ಅಧಿಕೃತವಾಗಿ ಸಾರಿತು. ಇಸ್ರೇಲ್ ಅದನ್ನು ಸುಳ್ಳೆಂದಿತು.

ಮಳೆ ಬಾರದೆ ಬಂದ ಬರವಲ್ಲ ಇದು. ಗಡಿಯ ಆಚೆ ಆಹಾರದ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಹಮಾಸ್ ಆಹಾರ ಕದಿಯುತ್ತದೆ ಎಂಬ ಕಾರಣ ಕೊಟ್ಟರು. ಕದ್ದಿದ್ದರೂ ಉತ್ತರ ಇದೇ ಏನು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ, ಬಂದೂಕು ಹಿಡಿದವನನ್ನು ಮಣಿಸಲು ಹಾಲುಗಲ್ಲದ ಮಗುವಿಗೆ ಹಾಲಿನ ಪುಡಿ ತಡೆದರು. ಮೊದಲು ಸತ್ತದ್ದು ಸುರಂಗದಲ್ಲಿದ್ದವರಲ್ಲ. ಆ ಬೇಸಿಗೆಯಲ್ಲೇ ಹಮಾಸ್, ಮೂಳೆಚಕ್ಕಳವಾಗಿದ್ದ ಇಸ್ರೇಲಿ ಒತ್ತೆಯಾಳೊಬ್ಬ ಸುರಂಗದಲ್ಲಿ ಗುಂಡಿ ತೋಡುತ್ತಾ, ಇದು ನನ್ನದೇ ಸಮಾಧಿ ಎಂದು ಹೇಳುವ ವಿಡಿಯೊ ಬಿಡುಗಡೆ ಮಾಡಿತು. ಹಸಿದ ಮನುಷ್ಯನನ್ನು ಪ್ರದರ್ಶನಕ್ಕಿಟ್ಟ ಆ ಕ್ರೌರ್ಯಕ್ಕೂ ಯಾವ ವಿಮೋಚನೆಯ ಹೆಸರೂ ಸಲ್ಲದು.

ಲೆಕ್ಕವನ್ನೇ ಅಲ್ಲಗಳೆಯುವುದು

ಸತ್ತವರನ್ನು ನಾಗರಿಕರಲ್ಲ ಎನ್ನಲಾಗದಿದ್ದಾಗ, ಸತ್ತೇ ಇಲ್ಲ ಎನ್ನುವುದು ಮುಂದಿನ ಮೆಟ್ಟಿಲು. ಇದಕ್ಕೆ ಎರಡೂ ಕಡೆ ಒದಗಿಬಂದದ್ದು ಅವಸರದ ಸುಳ್ಳುಗಳು.

ಕಫರ್ ಅಜಾದಲ್ಲಿ 40 ಶಿಶುಗಳ ತಲೆ ಕಡಿದರು ಎಂಬ ಸುದ್ದಿ ಮೊದಲ ವಾರ ಜಗತ್ತನ್ನೆಲ್ಲ ಸುತ್ತಿತು. ಅದಕ್ಕೆ ಆಧಾರ ಸಿಗಲಿಲ್ಲ. ಅಷ್ಟಕ್ಕೇ, ಅಕ್ಟೋಬರ್ 7ರ ಎಲ್ಲವೂ ಕಟ್ಟುಕತೆ ಎನ್ನುವವರು ಹುಟ್ಟಿಕೊಂಡರು. ಅಂದು ನಡೆದ ಕೊಲೆಗಳಿಗೆ ಹಮಾಸ್ ಹೋರಾಟಗಾರರು ತಾವೇ ತೆಗೆದುಕೊಂಡ ವಿಡಿಯೊಗಳು ಸಾಕ್ಷಿ. ಅತ್ಯಾಚಾರಗಳು ನಡೆದವೆಂದು ನಂಬಲು ಸಕಾರಣವಿದೆ ಎಂದು ವಿಶ್ವಸಂಸ್ಥೆಯ ಪ್ರತಿನಿಧಿ ಪ್ರಮೀಳಾ ಪ್ಯಾಟನ್ 2024ರ ಮಾರ್ಚ್‌ನಲ್ಲಿ ವರದಿ ಕೊಟ್ಟರು. ಅಕ್ಟೋಬರ್ 17ರಂದು ಗಾಜಾದ ಅಲ್ ಅಹ್ಲಿ ಆಸ್ಪತ್ರೆಯ ಆವರಣದಲ್ಲಿ ಸ್ಫೋಟವಾದಾಗ, ಇಸ್ರೇಲಿನ ದಾಳಿ, 500 ಸಾವು ಎಂಬ ಸುದ್ದಿ ನಿಮಿಷಗಳಲ್ಲಿ ಹರಡಿತು. ಅದು ಪ್ಯಾಲೆಸ್ಟೀನಿ ಗುಂಪೊಂದರ ದಾರಿತಪ್ಪಿದ ರಾಕೆಟ್ ಇರಬೇಕೆಂದು ಅಮೆರಿಕ, ಫ್ರಾನ್ಸ್, ಕೆನಡಾದ ಗುಪ್ತಚರ ವಿಶ್ಲೇಷಣೆಗಳೂ, ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯೂ ಅಂದಾಜಿಸಿದವು. ಆಮೇಲೆ ಗಾಜಾದ ಪ್ರತಿ ಆಸ್ಪತ್ರೆಯ ಸುದ್ದಿಗೂ, ಅಲ್ ಅಹ್ಲಿ ನೆನಪಿದೆಯೇ ಎಂಬ ಉತ್ತರ ಸಿದ್ಧವಾಯಿತು. ಒಂದು ಸುಳ್ಳು ನೂರು ಸತ್ಯಗಳ ಬಾಯಿ ಮುಚ್ಚಿಸುತ್ತದೆ. ಆದ್ದರಿಂದಲೇ ತಮ್ಮ ಕಡೆಯ ಸುದ್ದಿಯನ್ನು ಹೆಚ್ಚು ಎಚ್ಚರದಿಂದ ಪರೀಕ್ಷಿಸಬೇಕಾದವರು ಆಯಾ ಪಕ್ಷದವರೇ.

ಇನ್ನು ಗಾಜಾ ಆರೋಗ್ಯ ಸಚಿವಾಲಯದ ಲೆಕ್ಕ. ಅದು ಹಮಾಸ್ ಆಡಳಿತದ ಅಡಿಯಲ್ಲಿದೆ, ಆದ್ದರಿಂದ ನಂಬಬಾರದು ಎನ್ನುತ್ತಾರೆ. ಆ ಲೆಕ್ಕ ಹೋರಾಟಗಾರರನ್ನೂ ನಾಗರಿಕರನ್ನೂ ಬೇರೆ ಮಾಡುವುದಿಲ್ಲ, ಅದು ಅದರ ಕೊರತೆ. ಆದರೆ ಸಚಿವಾಲಯ ಸತ್ತವರ ಹೆಸರು, ವಯಸ್ಸು, ಗುರುತಿನ ಸಂಖ್ಯೆಗಳ ಪಟ್ಟಿ ಪ್ರಕಟಿಸುತ್ತದೆ. ಖಚಿತವಾಗದ ಹೆಸರುಗಳನ್ನು ಪಟ್ಟಿಯಿಂದ ತೆಗೆದದ್ದೂ ಉಂಟು. 2025ರ ಜನವರಿಯಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನ ಬೇರೆಬೇರೆ ಮೂಲಗಳ ಪಟ್ಟಿಗಳನ್ನು ಹೋಲಿಸಿ, 2024ರ ಜೂನ್ ಕೊನೆಯವರೆಗೆ ದಾಳಿಗಳಿಂದ ಸತ್ತವರು ಸುಮಾರು 64 ಸಾವಿರ ಎಂದು ಅಂದಾಜಿಸಿತು. ಅದೇ ಹೊತ್ತಿಗೆ ಸಚಿವಾಲಯದ ಲೆಕ್ಕ 38 ಸಾವಿರಕ್ಕಿಂತ ಕಡಿಮೆ ಇತ್ತು. ಅಂದರೆ ಲೆಕ್ಕ ಉಬ್ಬಿದ್ದಲ್ಲ, ಕುಗ್ಗಿದ್ದು. 2025ರ ನವೆಂಬರ್ ಕೊನೆಗೆ ಸಚಿವಾಲಯದ ಲೆಕ್ಕವೇ 70 ಸಾವಿರ ದಾಟಿತು. ಇಸ್ರೇಲ್ ಕೂಡ ತನ್ನ ಲೆಕ್ಕ ತಿದ್ದಿಕೊಂಡಿದೆ. ಅಕ್ಟೋಬರ್ 7ರ ಸಾವು 1,400 ಎಂದು ಮೊದಲು ಹೇಳಿ, ಗುರುತಿಸಲಾಗದ ದೇಹಗಳಲ್ಲಿ ದಾಳಿಕೋರರದೂ ಇದ್ದವೆಂದು ತಿಳಿದ ಮೇಲೆ ನವೆಂಬರ್‌ನಲ್ಲಿ 1,200ಕ್ಕೆ ಇಳಿಸಿತು. ಲೆಕ್ಕ ತಿದ್ದುವುದು ಪ್ರಾಮಾಣಿಕತೆ. ಅದನ್ನು ಒಬ್ಬರ ವಿಷಯದಲ್ಲಿ ಪ್ರಾಮಾಣಿಕತೆ ಎಂದೂ ಇನ್ನೊಬ್ಬರ ವಿಷಯದಲ್ಲಿ ಮೋಸ ಎಂದೂ ಕರೆಯಲಾಗದು.

2025ರ ಮಾರ್ಚ್ 23ರಂದು ರಫಾದಲ್ಲಿ 15 ಮಂದಿ ಆಂಬುಲೆನ್ಸ್ ಮತ್ತು ರಕ್ಷಣಾ ಸಿಬ್ಬಂದಿಯನ್ನು ಇಸ್ರೇಲಿ ಸೈನಿಕರು ಕೊಂದರು. ದೇಹಗಳು ವಾಹನಗಳ ಜೊತೆ ಮರಳಿನಲ್ಲಿ ಹೂತು ಸಿಕ್ಕವು. ವಾಹನಗಳು ದೀಪ ಹಾಕದೆ ಅನುಮಾನಾಸ್ಪದವಾಗಿ ಬರುತ್ತಿದ್ದವು ಎಂದು ಸೇನೆ ಮೊದಲು ಹೇಳಿತು. ಸತ್ತ ಸಿಬ್ಬಂದಿಯೊಬ್ಬನ ಮೊಬೈಲಿನಲ್ಲಿ ವಿಡಿಯೊ ಸಿಕ್ಕಿತು. ಅದರಲ್ಲಿ ದೀಪಗಳು ಉರಿಯುತ್ತಿದ್ದವು. ಆ ಮೊಬೈಲ್ ಸಿಗದೇ ಹೋಗಿದ್ದರೆ? ಸ್ವತಂತ್ರವಾಗಿ ವರದಿ ಮಾಡಲು ವಿದೇಶಿ ಪತ್ರಕರ್ತರನ್ನು ಯುದ್ಧದುದ್ದಕ್ಕೂ ಗಾಜಾದೊಳಕ್ಕೆ ಬಿಡಲಿಲ್ಲ. ಒಳಗಿದ್ದ ಪ್ಯಾಲೆಸ್ಟೀನಿ ಪತ್ರಕರ್ತರು ನೂರಾರು ಸಂಖ್ಯೆಯಲ್ಲಿ ಸತ್ತರು.

ಮೊದಲು ಹೊಡೆದವರು ಯಾರು ಎಂದು ಕೇಳುವವರಿಗೆ ಹೆಬ್ರಾನ್ ಊರೊಂದೇ ಉತ್ತರ. 1929ರ ಆಗಸ್ಟ್‌ನಲ್ಲಿ ಅಲ್ಲಿ ಅರಬ್ ಗುಂಪುಗಳು 67 ಯಹೂದಿಗಳನ್ನು ಕೊಂದವು. ನೂರಾರು ಯಹೂದಿಗಳು ಬದುಕಿದರು, ಅವರಲ್ಲಿ ಅನೇಕರನ್ನು ಮನೆಯೊಳಗೆ ಬಚ್ಚಿಟ್ಟು ಕಾಪಾಡಿದ್ದು ನೆರೆಯ ಅರಬರೇ. 1994ರ ಫೆಬ್ರವರಿಯಲ್ಲಿ ಅದೇ ಊರಿನ ಇಬ್ರಾಹಿಮಿ ಮಸೀದಿಯಲ್ಲಿ ಬರೂಕ್ ಗೋಲ್ಡ್‌ಸ್ಟೀನ್ ಎಂಬ ಯಹೂದಿ ವಸಾಹತಿಗ ನಮಾಜು ಮಾಡುತ್ತಿದ್ದ 29 ಜನರನ್ನು ಗುಂಡಿಟ್ಟು ಕೊಂದ. ಅದಕ್ಕೆ ಸೇಡೆಂದು ಏಪ್ರಿಲ್‌ನಲ್ಲಿ ಅಫುಲಾದ ಬಸ್ ನಿಲ್ದಾಣದಲ್ಲಿ ಹಮಾಸ್ ಬಾಂಬು ಸ್ಫೋಟಿಸಿತು, 8 ಮಂದಿ ಸತ್ತರು. 1948ರಲ್ಲೂ ಹೀಗೆಯೇ: ಏಪ್ರಿಲ್ 9ರಂದು ದೇರ್ ಯಾಸಿನ್ ಹಳ್ಳಿಯಲ್ಲಿ ಯಹೂದಿ ಸಶಸ್ತ್ರ ಗುಂಪುಗಳಿಂದ ನೂರಕ್ಕೂ ಹೆಚ್ಚು ಅರಬರ ಹತ್ಯೆ, ನಾಲ್ಕೇ ದಿನದ ಮೇಲೆ ಯಹೂದಿಗಳ ಹದಾಸಾ ಆಸ್ಪತ್ರೆಗೆ ಹೊರಟ ವಾಹನಗಳ ಮೇಲೆ ಅರಬರ ದಾಳಿ, 78 ಸಾವು. ಆ ವರ್ಷ ಸುಮಾರು 7 ಲಕ್ಷ ಪ್ಯಾಲೆಸ್ಟೀನಿಯರು ಮನೆ ಕಳೆದುಕೊಂಡರು. ಈ ಇತಿಹಾಸ ತಿಳಿಯದೆ ಇಂದಿನದು ಅರ್ಥವಾಗದು. ಆದರೆ ಯಾವ ತಾರೀಖಿನಿಂದ ಎಣಿಕೆ ಶುರುಮಾಡಿದರೂ, ಎಣಿಕೆಯ ಕೊನೆಗೆ ಸತ್ತಿರುವ ಮಗು ಆ ತಾರೀಖಿನಂದು ಹುಟ್ಟಿರಲಿಲ್ಲ.

ಒಂದೇ ಅಳತೆಗೋಲು ಎಂದರೆ ಒಂದೇ ಉತ್ತರ ಎಂದಲ್ಲ. ಎರಡೂ ಕಡೆ ತಪ್ಪಿದೆ ಎಂದು ಹೇಳಿ ಕೈತೊಳೆದುಕೊಳ್ಳುವವರು ಇದನ್ನು ಮರೆಯುತ್ತಾರೆ. ಒಂದು ಕಡೆ ವಿಮಾನಪಡೆ ಇರುವ ರಾಷ್ಟ್ರ, ಗಡಿ, ನೀರು, ವಿದ್ಯುತ್ತು, ಆಹಾರ ಎಲ್ಲದರ ಬೀಗದ ಕೈ ಹಿಡಿದಿರುವಂಥದು. ಇನ್ನೊಂದು ಕಡೆ ರಾಷ್ಟ್ರವಿಲ್ಲದ ಜನ, ಅವರ ಹೆಸರಿನಲ್ಲಿ ಆಳುವ ಸಶಸ್ತ್ರ ಗುಂಪು. ಅಳತೆಗೋಲು ಇಟ್ಟು ನೋಡಿದರೆ ಅಕ್ಟೋಬರ್ 7ರ ದಾಳಿ ಯುದ್ಧಾಪರಾಧ. ಅದೇ ಅಳತೆಗೋಲು ಇಟ್ಟರೆ, ಗಾಜಾದಲ್ಲಿ ನಂತರದ ಎರಡು ವರ್ಷ ನಡೆದದ್ದು ಹಾನಿಯ ಪ್ರಮಾಣದಲ್ಲಿ ಅದರ ಹತ್ತಾರು ಪಟ್ಟು. ಇಸ್ರೇಲಿನ ಹಿಡಿತದಲ್ಲಿರುವ ಇನ್ನೊಂದು ಪ್ಯಾಲೆಸ್ಟೀನಿ ಪ್ರದೇಶವಾದ ಪಶ್ಚಿಮ ದಂಡೆಯಲ್ಲಿ ಹಮಾಸ್ ಆಡಳಿತ ಇಲ್ಲ. ಅಲ್ಲೂ ಜೆನಿನ್, ತುಲ್ಕರಮ್‌ನ ನಿರಾಶ್ರಿತರ ಶಿಬಿರಗಳಿಂದ 2025ರಲ್ಲಿ ಹತ್ತಾರು ಸಾವಿರ ಜನರನ್ನು ಒಕ್ಕಲೆಬ್ಬಿಸಿದರು.

ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಮಾಡಿದ್ದೂ ಇದನ್ನೇ. 2024ರ ನವೆಂಬರ್ 21ರಂದು ಬೆಂಜಮಿನ್ ನೆತನ್ಯಾಹು, ಯೋವ್ ಗಲಾಂಟ್ ಮತ್ತು ಹಮಾಸ್ ಸೇನಾ ನಾಯಕ ಮೊಹಮ್ಮದ್ ದೈಫ್ ಮೇಲೆ ಒಟ್ಟಿಗೇ ಬಂಧನ ವಾರಂಟ್ ಹೊರಡಿಸಿತು. ಇಬ್ಬರ ಮೇಲೆ ಹಸಿವನ್ನು ಆಯುಧ ಮಾಡಿದ ಆರೋಪ, ಮೂರನೆಯವನ ಮೇಲೆ ಕೊಲೆ, ಅತ್ಯಾಚಾರ, ಒತ್ತೆಸೆರೆಯ ಆರೋಪ. ದೈಫ್ ಅಷ್ಟರಲ್ಲಾಗಲೇ ಸತ್ತಿದ್ದ. ಅಪರಾಧ ಯಾವ ಕಡೆಯದು ಎಂದು ನೋಡದೆ ಹೆಸರು ಬರೆದದ್ದಕ್ಕೆ ಎರಡೂ ಕಡೆಯವರು ಸಿಟ್ಟಾದರು. ದಕ್ಷಿಣ ಆಫ್ರಿಕಾ ಹೂಡಿದ ನರಮೇಧದ ಮೊಕದ್ದಮೆ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿದೆ. 2025ರಲ್ಲಿ ಇಸ್ರೇಲಿನದೇ ಮಾನವ ಹಕ್ಕು ಸಂಸ್ಥೆ ಬಿತ್ಸೆಲೆಮ್ ಮತ್ತು ವಿಶ್ವಸಂಸ್ಥೆಯ ವಿಚಾರಣಾ ಆಯೋಗ ಇದು ನರಮೇಧವೇ ಎಂಬ ನಿರ್ಧಾರಕ್ಕೆ ಬಂದವು. ಇಸ್ರೇಲ್ ಬಲವಾಗಿ ನಿರಾಕರಿಸುತ್ತದೆ. ತೀರ್ಪು ಬರಲು ವರ್ಷಗಳು ಬೇಕು. ಆದರೆ ಹಸಿವಿನಿಂದ ಸತ್ತ ಮಗುವಿನ ಸಾವು ಅಪರಾಧವೆನಿಸಲು ಆ ಪದಕ್ಕಾಗಿ ಕಾಯಬೇಕಿಲ್ಲ.

ದೂರದ ಊರುಗಳಲ್ಲಿ

ಪಕ್ಷ ಹಿಡಿಯುವುದು ಮನುಷ್ಯರನ್ನು ಗುರುತು ಹಚ್ಚುವುದಾಗಿ ಬದಲಾದರೆ ಯುದ್ಧ ಎಲ್ಲಿಗೆ ಬೇಕಾದರೂ ಬರುತ್ತದೆ. 2023ರ ಅಕ್ಟೋಬರ್ 14ರಂದು ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಆರು ವರ್ಷದ ಪ್ಯಾಲೆಸ್ಟೀನಿ ಮೂಲದ ಬಾಲಕನನ್ನು ಅವನ ಮನೆಯ ಮಾಲೀಕನೇ ಇರಿದು ಕೊಂದ. 2025ರ ಮೇನಲ್ಲಿ ವಾಷಿಂಗ್ಟನ್ನಿನ ಯಹೂದಿ ವಸ್ತುಸಂಗ್ರಹಾಲಯದ ಹೊರಗೆ ಇಸ್ರೇಲಿ ರಾಯಭಾರ ಕಚೇರಿಯ ಇಬ್ಬರು ಸಿಬ್ಬಂದಿ ಗುಂಡಿಗೆ ಬಲಿಯಾದರು. ಅಕ್ಟೋಬರ್‌ನಲ್ಲಿ ಮ್ಯಾಂಚೆಸ್ಟರಿನ ಸಿನಗಾಗ್‌ನಲ್ಲಿ (ಯಹೂದಿ ಪ್ರಾರ್ಥನಾ ಮಂದಿರದಲ್ಲಿ) ಅವರ ಪವಿತ್ರ ದಿನವಾದ ಯೋಮ್ ಕಿಪ್ಪೂರ್‌ನಂದು ದಾಳಿಯಾಯಿತು.

ನಮ್ಮಲ್ಲಿ ರಕ್ತ ಹರಿದಿಲ್ಲ, ಆದರೆ ಅದೇ ವಿಂಗಡಣೆ ಇದೆ. ಇಲ್ಲಿನ ಹಿಂದೂ ಮುಸ್ಲಿಂ ಜಗಳವನ್ನು ಅಲ್ಲಿನ ಬಾವುಟಗಳ ಹೆಸರಿನಲ್ಲಿ ಆಡುತ್ತೇವೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಗಾಜಾದ ಮಗುವಿನ ಚಿತ್ರ ಹಾಕಿದವನು ಯಾರು ಎಂದು ಹೆಸರು ನೋಡಿ ಉತ್ತರಿಸುತ್ತೇವೆ. 2023ರ ಅಕ್ಟೋಬರ್‌ನಲ್ಲಿ ಹೊಸಪೇಟೆಯಲ್ಲಿ ಪ್ಯಾಲೆಸ್ಟೀನ್ ಪರ ಸ್ಟೇಟಸ್ ಹಾಕಿದ ಯುವಕನನ್ನು ಪೊಲೀಸರು ವಶಕ್ಕೆ ಪಡೆದರು. ಇನ್ನೊಂದು ಕಡೆ, ಮಂಗಳೂರು, ಉಡುಪಿಯಿಂದ ಹೋಗಿ ಇಸ್ರೇಲಿನಲ್ಲಿ ವೃದ್ಧರ ಆರೈಕೆ ಮಾಡುವ ನಮ್ಮವರು ಸಾಕಷ್ಟು ಮಂದಿ ಇದ್ದಾರೆ; ಸೈರನ್ ಕೂಗಿದಾಗ ಹಾಸಿಗೆ ಬಿಟ್ಟು ಏಳಲಾರದವರ ಪಕ್ಕದಲ್ಲಿ ಇವರೂ ಉಳಿಯಬೇಕು. 2021ರ ಮೇನಲ್ಲಿ ಅಶ್ಕೆಲಾನ್‌ನಲ್ಲಿ ಗಾಜಾದ ರಾಕೆಟ್ ಬಿದ್ದು ಸತ್ತದ್ದು ಇಂಥದೇ ಕೆಲಸದಲ್ಲಿದ್ದ ಕೇರಳದ ಹೆಂಗಸು. 2024ರ ಮೇನಲ್ಲಿ ರಫಾದಲ್ಲಿ ವಿಶ್ವಸಂಸ್ಥೆಯ ಗುರುತು ಹೊತ್ತ ವಾಹನದಲ್ಲಿ ಹೋಗುತ್ತಿದ್ದ ಭಾರತೀಯ ಸೇನೆಯ ನಿವೃತ್ತ ಕರ್ನಲ್ ಒಬ್ಬರು ಸತ್ತರು. ಅದು ಇಸ್ರೇಲಿ ಟ್ಯಾಂಕಿನ ಗುಂಡು ಎಂಬುದು ವಿಶ್ವಸಂಸ್ಥೆಯ ಅಂದಾಜು. ಇವರಿಬ್ಬರಲ್ಲಿ ಒಬ್ಬರಿಗಾಗಿ ಮಾತ್ರ ಮರುಗುವುದು ನಮ್ಮಿಂದ ಆದೀತೇ?

ನಮ್ಮ ನಿಲುವಿಗೆ ನಿಜವಾದ ಬೆಲೆ ಬರುವುದು ನಮ್ಮ ಸರ್ಕಾರದ ಮುಂದೆ ಅದನ್ನಿಟ್ಟಾಗ. 1947ರಲ್ಲಿ ಪ್ಯಾಲೆಸ್ಟೀನ್ ವಿಭಜನೆಯ ವಿರುದ್ಧ ಮತ ಹಾಕಿದ, 1988ರಲ್ಲಿ ಪ್ಯಾಲೆಸ್ಟೀನ್ ರಾಷ್ಟ್ರಕ್ಕೆ ಮಾನ್ಯತೆ ಕೊಟ್ಟ, 1992ರಲ್ಲಿ ಇಸ್ರೇಲಿನ ಜೊತೆ ಪೂರ್ಣ ಸಂಬಂಧ ಬೆಳೆಸಿದ ದೇಶ ನಮ್ಮದು. ಎರಡೂ ಕಡೆ ಮಾತಾಡಬಲ್ಲ ಜಾಗ ಅದು. ಆದರೆ 2025ರ ಜೂನ್ 12ರಂದು, ಗಾಜಾ ಹಸಿವಿನ ಅಂಚಿನಲ್ಲಿದ್ದಾಗ, ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಕದನವಿರಾಮ ಕೇಳಿದ ನಿರ್ಣಯದ ಪರವಾಗಿ 149 ದೇಶಗಳು ಮತ ಹಾಕಿದರೆ ಭಾರತ ಮತದಾನದಿಂದ ದೂರ ಉಳಿಯಿತು. ಮೂರು ತಿಂಗಳ ಮೇಲೆ ಎರಡು ರಾಷ್ಟ್ರಗಳ ಪರಿಹಾರದ ಘೋಷಣೆಗೆ ಪರವಾಗಿ ಮತ ಹಾಕಿತು. ನಾಳೆಯ ಗಡಿಯ ಬಗ್ಗೆ ನಿಲುವಿದ್ದು ಇಂದಿನ ಹಸಿವಿನ ಬಗ್ಗೆ ಮೌನ ವಹಿಸುವುದು ನನಗೆ ತಲೆಕೆಳಗಾದ ಕ್ರಮವಾಗಿ ಕಾಣುತ್ತದೆ. ಮೊದಲನೆಯದರಲ್ಲಿ ರಾಜತಾಂತ್ರಿಕ ಎಚ್ಚರ ಬೇಕಾಗಬಹುದು, ಎರಡನೆಯದರಲ್ಲಿ ಅಲ್ಲ.

ಶಸ್ತ್ರಾಸ್ತ್ರದ ಪ್ರಶ್ನೆಯೂ ಇದೆ. ಇಸ್ರೇಲಿನ ಆಯುಧಗಳ ಅತಿ ದೊಡ್ಡ ಗ್ರಾಹಕ ಭಾರತ. ಇಲ್ಲಿಂದ ಅಲ್ಲಿಗೆ ಹೋಗುವ ಸೈನಿಕ ಸಾಮಗ್ರಿಯನ್ನು ತಡೆಯಬೇಕೆಂದು ಸಲ್ಲಿಸಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ವಜಾ ಮಾಡಿತು. ವಿದೇಶಾಂಗ ನೀತಿ ಸರ್ಕಾರದ ವ್ಯಾಪ್ತಿಗೆ ಸೇರಿದ್ದು ಎಂಬುದು ಅದರ ಕಾರಣ. ಹಾಗಿದ್ದರೆ ಪ್ರಶ್ನೆ ಹೋಗಬೇಕಾದ ಜಾಗ ಸಂಸತ್ತು. ಏನನ್ನು, ಯಾರಿಗೆ, ಯಾವ ಷರತ್ತಿನ ಮೇಲೆ ಕಳಿಸುತ್ತಿದ್ದೇವೆ ಎಂದು ಕರ್ನಾಟಕದ 28 ಲೋಕಸಭಾ ಸದಸ್ಯರಲ್ಲಿ ಯಾರು ಬೇಕಾದರೂ ಕೇಳಬಹುದು. ಇಸ್ರೇಲಿನ ಗೆಳೆಯರೂ ಕೇಳಬಹುದು, ಪ್ಯಾಲೆಸ್ಟೀನಿನ ಗೆಳೆಯರೂ ಕೇಳಬಹುದು.